ಹತ್ತೊಂಬತ್ತನೇ ಲೆವೆಲ್ಲಿನ ಕಿವಿ

ಬೂದಿಹಾಳದ ಚಿನ್ನದ ಗಣಿಯಲ್ಲಿ ಬಂಡೆ ಸಿಡಿಯುವ ಮೊದಲು ಜಿರಲೆ ಕೂಗುತ್ತದೆ ಎಂದು ಕಾರ್ಮಿಕರು ಹೇಳುತ್ತಿದ್ದರು. ನಿಜ ನೋಡಿದರೆ ನೆಲದಡಿಯಲ್ಲಿ ಜಿರಲೆಯೂ ಇರಲಿಲ್ಲ, ಕೂಗೂ ಇರಲಿಲ್ಲ. ಬಂಡೆಯಲ್ಲಿ ಕೊರೆದ ಬೆರಳಗಲದ ತೂತುಗಳೊಳಗೆ ಕೂದಲಿನಷ್ಟು ಸಣ್ಣ ಗಾಜಿನೆಳೆಗಳಿದ್ದವು. ಜಿರಲೆಯ ಕಾಲಿನಿಂದ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳು ಆ ಎಳೆಗಳಿಗೆ ಅಂಟಿಕೊಂಡು ಬದುಕಿದ್ದವು. ಮೇಲಿನ ತೊಟ್ಟಿಗಳಿಂದ ಕೊಳವೆಗಳಲ್ಲಿ ಇಳಿದು ಬರುವ ಉಪ್ಪು, ಸಕ್ಕರೆಯ ತಣ್ಣನೆಯ ನೀರೇ ಅವುಗಳ ಊಟ.

ಜಿರಲೆಯ ಮೊಣಕಾಲಿನ ಕೆಳಗೆ ಒಂದು ಅಂಗವಿದೆ. ನೆಲ ಕೆಲವೇ ಅಣುಗಳ ಅಗಲದಷ್ಟು ನಡುಗಿದರೂ ಅದಕ್ಕೆ ತಿಳಿಯುತ್ತದೆ. ಅದರ ಕೋಶಗಳ ಪೊರೆಯಲ್ಲಿ ಪ್ರೋಟೀನಿನ ಸಣ್ಣ ಬಾಗಿಲುಗಳಿವೆ. ಜಗ್ಗಿದರೆ ಬಾಗಿಲು ತೆರೆಯುತ್ತದೆ. ಹೊರಗಿನ ಅಯಾನುಗಳು ಒಳಗೆ ನುಗ್ಗುತ್ತವೆ. ಅಷ್ಟು ವಿದ್ಯುತ್ತು ಸಾಕು, ಸುದ್ದಿ ಮುಟ್ಟುತ್ತದೆ. ಬಂಡೆಯ ಮೇಲೆ ಒತ್ತಡ ಏರುವಾಗಲೇ, ಬಿರುಕು ಬಾಯಿ ಬಿಡುವ ಮೊದಲೇ, ಈ ಬಾಗಿಲುಗಳು ಬಡಿದುಕೊಳ್ಳಲು ಶುರು ಮಾಡುತ್ತಿದ್ದವು. ಡಾ. ನೀಲಗಂಗಾ ಈ 'ಕಿವಿ'ಗಳನ್ನು ಮಾಡಿದ ಮೇಲೆ ಬೂದಿಹಾಳದಲ್ಲಿ ಬಹಳ ಕಾಲ ಯಾರೂ ಬಂಡೆ ಸಿಡಿದು ಸಾಯಲಿಲ್ಲ. ಅವಳು ಅದೇ ಗಣಿಯ ಕಾಲೋನಿಯಲ್ಲಿ ಹುಟ್ಟಿದವಳು. ಅವಳ ತಮ್ಮ ಅಮರೇಶ ಹತ್ತೊಂಬತ್ತನೇ ಲೆವೆಲ್ಲಿನಲ್ಲಿ, ಅಂದರೆ ನೆಲದಡಿಯ ಹತ್ತೊಂಬತ್ತನೇ ಅಂತಸ್ತಿನಲ್ಲಿ, ತಂಡದ ಮೇಸ್ತ್ರಿಯಾಗಿದ್ದ.

ಗಣಿಯಲ್ಲಿ ಒಂದು ಪದ್ಧತಿಯಿತ್ತು. ಸುರಂಗದ ಬಾಯಲ್ಲಿ ಮೇಸ್ತ್ರಿ ಹಾರೆಯಿಂದ ಬಂಡೆಗೆ ಮೂರು ಏಟು ಹಾಕುತ್ತಾನೆ. ಮೇಲೆ ನಿಯಂತ್ರಣ ಕೊಠಡಿಯ ಪರದೆಯಲ್ಲಿ ಮೂರು ಮುಳ್ಳು ಏಳುತ್ತವೆ. ಆಪರೇಟರ್ ಫೋನಿನಲ್ಲಿ "ಕೇಳಿಸ್ತು" ಅನ್ನುತ್ತಾನೆ. ಆಮೇಲೆಯೇ ಒಳಗೆ ಕಾಲಿಡುವುದು. ಯಾವ ಕಾನೂನು ಪುಸ್ತಕದಲ್ಲೂ ಇದು ಇರಲಿಲ್ಲ. ಚಾವಣಿಗೆ ಹಾರೆ ಬಡಿದು, ಟೊಳ್ಳು ದನಿ ಬಂದರೆ ಹಿಂದೆ ಸರಿಯುತ್ತಿದ್ದ ಅಜ್ಜಂದಿರ ಅಭ್ಯಾಸವನ್ನು ಮೊಮ್ಮಕ್ಕಳು ಜಿರಲೆಗೆ ಒಪ್ಪಿಸಿದ್ದರು, ಅಷ್ಟೆ. ದೊಡ್ಡ ಸಾಹೇಬರು ಬಂದರೂ ಬಡಿದೇ ಒಳಗೆ ಹೋಗುತ್ತಿದ್ದರು.

ಆ ದಿನವೂ ಅಮರೇಶ ಬಡಿದಿದ್ದ. ಮೇಲೆ ಕೂತಿದ್ದ ಆಪರೇಟರ್ ನಬೀಸಾಬನ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಫೋನು. ಎಷ್ಟೋ ವರ್ಷಗಳಿಂದ ಏಟಿಗೆ ಮುಳ್ಳು ಏಳದೆ ಇದ್ದದ್ದೇ ಇಲ್ಲ. ಅವನು ಪರದೆ ನೋಡದೆ "ಕೇಳಿಸ್ತು" ಅಂದ. ಪರದೆಯಲ್ಲಿ ಗೆರೆ ನೆಟ್ಟಗೆ ಮಲಗಿತ್ತು. ಮಧ್ಯಾಹ್ನ ಬಂಡೆ ಸಿಡಿಯಿತು.

ಗಣಿಯ ಮ್ಯಾನೇಜರ್ ಶಶಿಧರ ಕರಡಕಲ್ ಕೂಡಲೇ ಆದೇಶ ಹೊರಡಿಸಿದರು: ಕಿವಿ ಸತ್ತಿರುವ ಲೆವೆಲ್ಲಿಗೆ ರಕ್ಷಣಾ ತಂಡ ಇಳಿಯುವುದು ಅಪಾಯ, ಕೆಳಗಿನಿಂದ ಏಟು ಕೇಳಿಸಿದರೆ ಮಾತ್ರ ಇಳಿಯಬೇಕು. ಸತ್ತ ಕಿವಿಗೆ ಏಟು ಹೇಗೆ ಕೇಳಿಸೀತು ಎಂದು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಮರುದಿನ ಅಗೆದಾಗ, ಅಮರೇಶನ ಜೊತೆಯವರಿಬ್ಬರೂ ಬಂಡೆ ಸಿಡಿದ ಗಳಿಗೆಯಲ್ಲೇ ಹೋಗಿದ್ದರೆಂದು ತಿಳಿಯಿತು. ಅಮರೇಶನ ಮೈಮೇಲೆ ದೊಡ್ಡ ಗಾಯವೇ ಇರಲಿಲ್ಲ. ಅವನಿದ್ದ ಜಾಗದಲ್ಲಿ ಗಾಳಿ ತೀರಿತ್ತು. ಹಾರೆ ಕೈಯಲ್ಲೇ ಇತ್ತು. ಎದುರಿನ ಬಂಡೆ ಆಳೆತ್ತರದಷ್ಟು ಬೆಳ್ಳಗೆ ಕೆತ್ತಿಹೋಗಿತ್ತು.

ವಿಚಾರಣೆ ನಡೆಯಿತು. ಜೀವಂತ ವಸ್ತು ಶಾಖಕ್ಕೆ ಸಾಯುವುದು ಸಹಜ, ಅಂಥದ್ದನ್ನು ನಂಬಿದ್ದೇ ತಪ್ಪು ಎಂದು ತೀರ್ಮಾನವಾಯಿತು. ತಪ್ಪು ನೀಲಗಂಗಾಳ ಪ್ರಯೋಗಾಲಯದ ತಲೆಗೆ ಬಂತು.

ಅವಳು ಅತ್ತದ್ದು ಕಡಿಮೆ. ಆ ಲೆವೆಲ್ಲಿನ ಎಳೆಗಳನ್ನು ಬಿಚ್ಚಿಸಿ ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಕೋಶಗಳು ಸತ್ತಿರಲಿಲ್ಲ. ಸಕ್ಕರೆ ಉಣ್ಣುತ್ತಿದ್ದವು, ಉಸಿರಾಡುತ್ತಿದ್ದವು. ಸೂಜಿಯ ತುದಿಯಿಂದ ಜಗ್ಗಿದರೆ ಮಾತ್ರ ಸುಮ್ಮನಿದ್ದವು. ಬಾಗಿಲುಗಳು ತೆರೆದ ಸ್ಥಿತಿಯಲ್ಲೇ ಬಿಗಿದುಕೊಂಡಿದ್ದವು.

ಆ ಅಂಗದಲ್ಲಿ ಎರಡು ಪ್ರೋಟೀನುಗಳು ಜೋಡಿಯಾಗಿ ಮಾಡಿದ ಒಂದು ಬಾಗಿಲು ಇದೆ. ಜೋಡಿಯಲ್ಲಿ ಒಂದರ ಹೆಸರು ನಾನ್‌ಚುಂಗ್. ಕೊರಿಯಾದ ಭಾಷೆಯಲ್ಲಿ ಅದಕ್ಕೆ ಕಿವಿ ಮಂದ ಎಂದು ಅರ್ಥ. ಆ ಪ್ರೋಟೀನು ಕೆಟ್ಟ ನೊಣಗಳು ಕಿವುಡಾಗುತ್ತವೆ, ಅದಕ್ಕೇ ಆ ಹೆಸರು. ಭತ್ತದ ಜಿಗಿಹುಳಕ್ಕೆ ಹೊಡೆಯುವ ಒಂದು ಔಷಧಿ ನೇರ ಈ ಜೋಡಿಯನ್ನೇ ಹಿಡಿಯುತ್ತದೆ. ಬಾಗಿಲನ್ನು ತೆರೆದು ಹಾಗೇ ಬಿಡುತ್ತದೆ. ಕೋಶ ಮೊದಲು ಹುಚ್ಚೆದ್ದು ಕಿರುಚುತ್ತದೆ, ಆಮೇಲೆ ದಣಿದು ಮೌನವಾಗುತ್ತದೆ. ಹುಳು ತಕ್ಷಣ ಸಾಯುವುದಿಲ್ಲ. ತನ್ನ ಕಾಲು ಎಲ್ಲಿದೆ ಎಂದು ತಿಳಿಯದೆ ತಡವರಿಸುತ್ತದೆ, ಊಟ ಬಿಡುತ್ತದೆ. ಎಳೆಗಳನ್ನು ತೊಳೆದ ನೀರಿನಲ್ಲಿ ನೀಲಗಂಗಾ ಹುಡುಕಿದ್ದು ಆ ಔಷಧಿಯನ್ನೇ. ಸಿಕ್ಕಿತು.

ಪ್ರತಿ ಲೆವೆಲ್ಲಿನ ಕಿವಿಗೂ ಊಟದ ತೊಟ್ಟಿ ಬೇರೆ ಬೇರೆ. ಅವುಗಳ ಕೀಲಿ ಇದ್ದದ್ದು ಇಬ್ಬರ ಹತ್ತಿರ. ಒಂದು ಅವಳಲ್ಲಿ, ಇನ್ನೊಂದು ಕರಡಕಲ್ ಅವರಲ್ಲಿ. ಹತ್ತೊಂಬತ್ತನೇ ಲೆವೆಲ್ಲಿನಲ್ಲಿ ಹೊಸದಾಗಿ ಸಿಕ್ಕಿದ ಅದಿರಿನ ಪಟ್ಟೆ ಬೂದಿಹಾಳದಲ್ಲೇ ಶ್ರೀಮಂತವಾದದ್ದು. ಅಲ್ಲಿ ಕಿವಿ ಪದೇ ಪದೇ ಕೂಗಿ ಕೆಲಸ ನಿಲ್ಲಿಸುತ್ತಿತ್ತು. ಆ ಕೂಗಿನ ಮೇಲೆ ಕರಡಕಲ್ ಎಷ್ಟು ಸಿಡುಕುತ್ತಿದ್ದರು ಎಂಬುದು ಇಡೀ ಗಣಿಗೆ ಗೊತ್ತಿತ್ತು.

ವಿಚಾರಣಾಧಿಕಾರಿ ಅವಳ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಮೇಡಂ, ಸುತ್ತಾ ಕಾಲುವೆ ನೀರಿನ ಭತ್ತದ ಗದ್ದೆ. ಎಲ್ಲಾರೂ ಇದನ್ನೇ ಹೊಡೀತಾರೆ. ನೆಲದಾಗಿಂದ ಬಸಿದು ಬಂದಿರಬಹುದಲ್ಲ?"

"ಬಸಿದು ಬಂದ್ರೆ ಎಲ್ಲಾ ಲೆವೆಲ್ಲಿಗೂ ಬರಬೇಕಿತ್ತು ಸರ್. ಒಂದಕ್ಕೇ ಯಾಕೆ ಬಂತು?"

"ಅದನ್ನ ನೆಲಕ್ಕೇ ಕೇಳಬೇಕು," ಎಂದು ಅವರು ನಕ್ಕರು.

ಆ ನಗು ಕೇಳಿದ ಮೇಲೆ ನೀಲಗಂಗಾ ಅರ್ಜಿ ಬರೆಯುವುದನ್ನು ಬಿಟ್ಟಳು.

ಅಮರೇಶನ ಹೆಂಡತಿ ಶಂಕ್ರಮ್ಮನಿಗೆ ಗಣಿಯವರು ಅನುಕಂಪದ ಮೇಲೆ ದೀಪದ ಕೋಣೆಯಲ್ಲಿ ಕೆಲಸ ಕೊಟ್ಟಿದ್ದರು. ಕೆಳಗಿಳಿಯುವ ಪ್ರತಿಯೊಬ್ಬರಿಗೂ ತಲೆಗೆ ಕಟ್ಟುವ ದೀಪ ಕೊಡುವುದು, ಮೇಲೆ ಬಂದಾಗ ತಿರುಗಿ ತೂಗುಹಾಕುವುದು. ಗೂಡಿನಲ್ಲಿ ದೀಪ ಇಲ್ಲವೆಂದರೆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಲೆಕ್ಕ.

ಭಾನುವಾರ ನೀಲಗಂಗಾ ಹೋದಾಗ ಶಂಕ್ರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ತಟ್ಟೆ ಇಟ್ಟು, ಪುಂಡಿಪಲ್ಯ ಬಡಿಸಿ, ಕೇಳಿದಳು:

"ಯಾರಂತ ಗೊತ್ತಾತೇನಕ್ಕ?"

"ಗೊತ್ತಾಗ್ಯಾದ."

"ಹೆಸರ ಹೇಳಬ್ಯಾಡ. ನನಗೂ ಗೊತ್ತದ." ಅವಳ ಕೈ ರೊಟ್ಟಿಯ ಮೇಲೆ ನಿಲ್ಲಲಿಲ್ಲ. "ದಿನಾ ಮುಂಜಾನೆ ಅವನ ದೀಪ ನಾನ ಒರಸಿ ಕೊಡ್ತೀನಿ. 'ಹೆಂಗದೀಯವ್ವಾ ಶಂಕ್ರಮ್ಮ' ಅಂತಾನ. 'ಆರಾಮ್ರೀ ಸಾಹೇಬ್ರ' ಅಂತೀನಿ. ನೀ ಓದಿದಾಕಿ. ಏನರ ಮಾಡ್ತೀಯೋ, ಸುಮ್ನ ಉಂಡು ಹೋಗ್ತೀಯೋ?"

"ಮಾಡ್ತೀನಿ."

"ಹಂಗಾರ ಇನ್ನೊಂದ ರೊಟ್ಟಿ ಹಾಕ್ಕೋ."

ಲೆವೆಲ್ಲು ಮತ್ತೆ ತೆರೆಯುವುದಿತ್ತು. ಹೊಸ ಎಳೆ ಹಾಕುವ ಕೆಲಸ ಅವಳದ್ದೇ; ಜೊತೆಗೆ, ಈ ಸಲ ಕಿವಿ ಸತ್ತರೆ ಜವಾಬ್ದಾರಿ ಹೊರಲು ನಿಯಂತ್ರಣ ಕೊಠಡಿಯಲ್ಲೇ ಕೂತಿರಬೇಕೆಂದು ಅಪ್ಪಣೆಯಾಗಿತ್ತು. ಅವಳು ಎಳೆಗಳನ್ನು ಹಾಕಿದಳು. ಅದೇ ತೂತುಗಳಲ್ಲಿ, ಅವುಗಳ ಪಕ್ಕಕ್ಕೆ, ಯಾರಿಗೂ ಹೇಳದೆ ಇನ್ನೊಂದು ಜಾತಿಯ ಎಳೆಯನ್ನೂ ಇಳಿಬಿಟ್ಟಳು.

ಜಿರಲೆಯ ಕಾಲಿನ ಚಿಪ್ಪಿನಲ್ಲಿ ಅಲ್ಲಲ್ಲಿ ಸಣ್ಣ ಗುಮ್ಮಟಗಳಿವೆ. ಕಾಲಿನ ಮೇಲೆ ಭಾರ ಬಿದ್ದು ಚಿಪ್ಪು ಬಾಗಿದಾಗ ಗುಮ್ಮಟ ಅಮುಕಿಕೊಳ್ಳುತ್ತದೆ, ಅದರ ಕೆಳಗಿನ ಕೋಶ ಎಚ್ಚರಾಗುತ್ತದೆ. ಆ ಕೋಶದಲ್ಲಿ ಕೆಲಸ ಮಾಡುವ ಬಾಗಿಲು ಬೇರೆ. ಅದರ ಬುಡಕ್ಕೆ ಇಪ್ಪತ್ತೊಂಬತ್ತು ಮಡಿಕೆಗಳ ಒಂದು ಪ್ರೋಟೀನ್ ಸುರುಳಿ, ಥೇಟ್ ಸ್ಪ್ರಿಂಗಿನಂತೆ, ಕೋಶದ ಒಳಗಿನ ಕಂಬಕ್ಕೆ ತಾಗಿಕೊಂಡಿದೆ. ಸುರುಳಿ ಒತ್ತಿದರೆ ಬಾಗಿಲು ತಿರುಗಿ ತೆರೆಯುತ್ತದೆ. ನಾನ್‌ಚುಂಗ್‌ಗೂ ಇದಕ್ಕೂ ಸಂಬಂಧವಿಲ್ಲ. ಭತ್ತದ ಔಷಧಿ ಇದನ್ನು ಮುಟ್ಟುವುದಿಲ್ಲ. ಮೊದಲ ಕಿವಿಯಷ್ಟು ಚುರುಕಲ್ಲ. ಆದರೆ ಇದನ್ನು ಕಿವುಡು ಮಾಡುವ ವಿದ್ಯೆ ಕರಡಕಲ್ ಅವರಿಗೆ ಗೊತ್ತಿರಲಿಲ್ಲ. ಅದರ ಸುದ್ದಿ ಬರುತ್ತಿದ್ದದ್ದು ನೀಲಗಂಗಾಳ ಸ್ವಂತ ಲ್ಯಾಪ್‌ಟಾಪಿಗೆ ಮಾತ್ರ. ಅವಳು ಅದಕ್ಕೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂರುತ್ತಿದ್ದಳು. ನೋಡಿದವರು ಹಾಡು ಕೇಳುತ್ತಿದ್ದಾಳೆ ಅಂದುಕೊಂಡರು.

ಬಹಳ ದಿನ ಕಾಯಬೇಕಾಗಲಿಲ್ಲ. ಅದಿರು ಕೊಳ್ಳುವವರು ಪಟ್ಟೆ ನೋಡಲು ಬರುವ ದಿನ ಗೊತ್ತಾಯಿತು. ಅತಿಥಿಗಳ ಮುಂದೆ ಜಿರಲೆ ಕೂಗಿದರೆ ವ್ಯವಹಾರ ಮುರಿದಂತೆಯೇ. ಅವರು ಬರುವ ದಿನ ಬೆಳಿಗ್ಗೆ ಹತ್ತೊಂಬತ್ತರ ಗೆರೆ ಇದ್ದಕ್ಕಿದ್ದಂತೆ ಪರದೆಯ ಮೇಲಂಚಿಗೆ ಹಾರಿತು, ಅಲ್ಲೇ ಸ್ವಲ್ಪ ಹೊತ್ತು ನಡುಗಿತು, ಆಮೇಲೆ ಇಳಿದು ನೆಟ್ಟಗೆ ಮಲಗಿತು.

ನಬೀಸಾಬ ಶೌಚಕ್ಕೆ ಹೋಗಿದ್ದವನು ಬಂದು ನೋಡಿದ. "ಹತ್ತೊಂಬತ್ತು ತಣ್ಣಗ ಅದ ಅಲ್ರೀ ಮೇಡಂ."

"ಹೌದು," ಅಂದಳು ನೀಲಗಂಗಾ. "ತಣ್ಣಗ ಅದ."

ಅವಳ ಯೋಜನೆ ಸರಳವಾಗಿತ್ತು. ಹಗಲಿನ ತಂಡ ಇಳಿದು ಮೂರು ಏಟು ಹಾಕುತ್ತದೆ. ಆ ಸಾವುಗಳಾದ ಮೇಲೆ ನಬೀಸಾಬ ಪರದೆ ನೋಡದೆ ಬಾಯಿ ತೆರೆಯುವುದನ್ನು ಬಿಟ್ಟಿದ್ದ. ಅವನು "ಕೇಳಿಸ್ಲಿಲ್ಲ" ಅನ್ನುತ್ತಾನೆ, ತಂಡ ಹಿಂದಿರುಗುತ್ತದೆ, ಕೊಳ್ಳುವವರ ಎದುರಿಗೇ ಅವಳು ಎರಡು ಗೆರೆಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತಾಳೆ. ಅಷ್ಟರಲ್ಲಿ ದೀಪದ ಕೋಣೆಯಿಂದ ಫೋನು ಬಂತು.

"ಅಕ್ಕ, ರಾತ್ರಿ ಪಾಳಿಯವರ ದೀಪ ಎಲ್ಲಾ ಬಂದು ಮುಟ್ಯಾವ. ಹಗಲಿನವರು ಇನ್ನೂ ಇಳದಿಲ್ಲ. ಒಂದ ದೀಪ ಕೆಳಗ ಹೋಗ್ಯಾದ."

"ಯಾರ್ದು?"

"ನಾ ದಿನಾ ಒರಸೋದು."

ಕೊಳ್ಳುವವರ ಕೈಯಲ್ಲಿಡಲು ಒಳ್ಳೆಯ ಅದಿರಿನ ತುಂಡು ಬೇಕಿತ್ತು. ಅಂಥದ್ದನ್ನು ಕರಡಕಲ್ ಬೇರೆಯವರಿಂದ ತರಿಸುತ್ತಿರಲಿಲ್ಲ.

ನೀಲಗಂಗಾಳ ಕಿವಿಯಲ್ಲಿ ಹೆಜ್ಜೆ ಸಪ್ಪಳ ಕೇಳಿಸಿತು. ಒಂಟಿ ಹೆಜ್ಜೆ. ಸುರಂಗದ ಬಾಯಿಗೆ ಬಂತು. ಅವಳು ಕಾದಳು. ಇಲ್ಲಿ ಎಲ್ಲರೂ ನಿಲ್ಲುತ್ತಾರೆ. ಇಲ್ಲಿ ಎಲ್ಲರೂ ಬಡಿಯುತ್ತಾರೆ. ಹೆಜ್ಜೆ ನಿಲ್ಲಲೇ ಇಲ್ಲ. ಕಿವಿ ಕಿವುಡಾಗಿದೆ, ಬಡಿದು ಫಲವಿಲ್ಲ ಎಂದು ಗೊತ್ತಿದ್ದ ಮನುಷ್ಯ ಮಾತ್ರ ಹಾಗೆ ಒಳಗೆ ಹೋಗಬಲ್ಲ.

ಅವನು ಪಟ್ಟೆಯ ಹತ್ತಿರ ಸುತ್ತಿಗೆ ಆಡಿಸುತ್ತಿರುವಾಗ ಎರಡನೆಯ ಗೆರೆ ಏರತೊಡಗಿತು. ಗುಮ್ಮಟದ ಕೋಶಗಳು ಎಚ್ಚರಾಗುತ್ತಿದ್ದವು. ಬಂಡೆ ತನ್ನ ಭಾರವನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸುತ್ತಿತ್ತು. ಅಪಾಯದ ಗಂಟೆಯ ಗುಂಡಿ ಅವಳ ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಇತ್ತು. ನಬೀಸಾಬನ ಪರದೆಯಲ್ಲಿ ಎಲ್ಲಾ ತಣ್ಣಗಿತ್ತು.

ಬಡಿದಿದ್ದರೆ ಹೇಳುತ್ತಿದ್ದೆ, ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಕೈ ಮಡಿಲಲ್ಲೇ ಇತ್ತು.

ಸಿಡಿದ ಸದ್ದು ಮೇಲಿನ ನೆಲಕ್ಕೂ ಮುಟ್ಟಿತು. ಮೇಜಿನ ಮೇಲಿನ ಲೋಟ ಟಣ್ಣೆಂದಿತು. ಸೈರನ್ನು, ಓಡಾಟ, ಫೋನುಗಳು. ರಕ್ಷಣಾ ತಂಡದವರು ಉಸಿರಿನ ಉಪಕರಣ ಕಟ್ಟಿಕೊಂಡು, ಗಣಿಗೆ ಇಳಿಸುವ ಪಂಜರದ ಹತ್ತಿರ ಬಂದು ನಿಂತರು. ಅವರ ನಾಯಕ ಗುರುಪಾದಪ್ಪ ಫೋನು ಮಾಡಿದ.

"ನಬೀಸಾಬ, ಹತ್ತೊಂಬತ್ತರಾಗ ಏಟು ಕೇಳಿಸ್ತದೇನು?"

ನಬೀಸಾಬ ಪರದೆಗೆ ಮುಖ ಹತ್ತಿರ ಒಯ್ದು, ಉಸಿರು ಹಿಡಿದು ನೋಡಿದ. "ಇಲ್ಲಪ್ಪ. ಖರೇ ಹೇಳ್ತೀನಿ. ಏನೂ ಕೇಳಿಸ್ಲಿಕತ್ತಿಲ್ಲ."

"ಹಂಗಾರ ಇಳಿಯೋ ಹಂಗಿಲ್ಲ. ಸಾಹೇಬರದ ಆರ್ಡರು."

ನೀಲಗಂಗಾಳ ಕಿವಿಯಲ್ಲಿ ಮೂರು ಏಟು ಬಿದ್ದವು. ಕಲ್ಲಿನಿಂದ ಕಲ್ಲಿಗೆ ಬಡಿದ ಏಟು. ಸ್ವಲ್ಪ ಬಿಡುವು. ಮತ್ತೆ ಮೂರು. ಆ ಬಿಡುವಿನಲ್ಲಿ ಅವನು ಉತ್ತರಕ್ಕೆ ಕಾಯುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಅವಳು ಇಯರ್‌ಫೋನನ್ನು ಇನ್ನೂ ಒತ್ತಿ ಸಿಕ್ಕಿಸಿಕೊಂಡಳು. ಇಷ್ಟು ದಿನ ಊಹಿಸಿಕೊಂಡೇ ಎದೆ ಸುಟ್ಟುಕೊಂಡಿದ್ದ ಸದ್ದು ಇದು. ಅದು ಈಗ ಸರಿಯಾದ ಮನುಷ್ಯನಿಂದ ಬರುತ್ತಿತ್ತು.

ಗಣಿಯ ಊಟದ ಸೈರನ್ನು ಆಗಿಹೋಯಿತು. ಕೊಳ್ಳುವವರ ಕಾರುಗಳು ಬಂದು ತಿರುಗಿ ಹೋದವು. ಏಟು ನಿಲ್ಲಲಿಲ್ಲ, ಬಿಡುವುಗಳು ಮಾತ್ರ ಉದ್ದವಾದವು. ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಶಂಕ್ರಮ್ಮ ಬಂದಳು. ದೀಪದ ಕೋಣೆಯ ನೀಲಿ ಅಂಗಿ ಮೈಮೇಲಿತ್ತು. ನೀಲಗಂಗಾ ಮಾತಾಡದೆ ಇಯರ್‌ಫೋನು ತೆಗೆದು ಅವಳ ಕಿವಿಗೆ ಸಿಕ್ಕಿಸಿದಳು.

ಶಂಕ್ರಮ್ಮ ನಿಂತೇ ಕೇಳಿದಳು. ಆಮೇಲೆ ನೆಲಕ್ಕೆ ಕೂತಳು.

"ಇವ ಅವನ?"

"ಹ್ಞೂಂ."

"ಯಾವಾಗಿಂದ?"

"ಮುಂಜಾನಿಂದ."

"ಎಷ್ಟ್ ಮೆಲ್ಲಗ ಬಡೀತಾನ ನೋಡು," ಅಂದಳು ಶಂಕ್ರಮ್ಮ. "ನನ್ನ ಗಂಡ ಜೋರ ಬಡದಿರ್ತಾನ. ಅವನ ಕೈ ಭಾಳ ಗಟ್ಟಿ ಇತ್ತು."

ನಬೀಸಾಬ ಇಬ್ಬರನ್ನೂ ನೋಡಿದ. ಅವನಿಗೆ ಅರ್ಥವಾಯಿತು. ಕುರ್ಚಿ ಹಿಂದೆ ಸರಿಸಿ ಎದ್ದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ನಾ ಏನೂ ನೋಡಿಲ್ರೀ," ಅಂದ. "ಒಮ್ಮಿ ನೋಡದ ಹೇಳಿ ಮೂರು ಮಂದಿನ್ನ ಕೊಂದೀನಿ. ಇವತ್ತ ನೀವು ಹೆಂಗ ಹೇಳ್ತೀರೋ ಹಂಗ."

"ಗಾಳಿ ಎಷ್ಟ್ ಹೊತ್ತು ಇರ್ತದಕ್ಕ?" ಎಂದು ಶಂಕ್ರಮ್ಮ ಕೇಳಿದಳು.

"ಇನ್ನು ಭಾಳ ಹೊತ್ತಿಲ್ಲ. ಸುಮ್ನಿದ್ರ ಸಾಕು. ಯಾರಿಗೂ ಗೊತ್ತಾಗಂಗಿಲ್ಲ."

ಶಂಕ್ರಮ್ಮ ಇಯರ್‌ಫೋನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡಳು.

"ಸತ್ರ ಅವನ ಫೋಟೋಕ್ಕ ಹಾರ ಹಾಕ್ತಾರ. ಗೇಟಿನ ಮುಂದಿನ ಕಲ್ಲಿನ ಮ್ಯಾಲ ಹೆಸರು ಕೆತ್ತಸ್ತಾರ. ಅಮರೇಶನ ಹೆಸರಿನ ಪಕ್ಕಕ್ಕ ಅವನ ಹೆಸರು. ವರ್ಷಾ ವರ್ಷಾ ಅಲ್ಲಿ ನಾ ಹೂವ ಇಡಬೇಕು." ಅವಳು ಎದ್ದಳು. "ಅದಾಗಬಾರದು ಅಕ್ಕ. ತೆಗೀರಿ ಅವನ್ನ. ಅವ ಬದಕಬೇಕು. ಬದಕಿ ಎಲ್ಲಾರ ಮುಂದ ತಲಿ ತಗ್ಗಿಸಿ ಅಡ್ಡಾಡಬೇಕು."

ನೀಲಗಂಗಾ ಇಷ್ಟು ಹೊತ್ತು ಅದನ್ನು ಯೋಚಿಸಿರಲಿಲ್ಲ. ಅವಳು ಫೋನು ಎತ್ತಿದಳು. "ಗುರುಪಾದಪ್ಪ, ಇಳೀರಿ. ಪಟ್ಟೆಯ ಎಡಕ್ಕೆ ಅದಾನ. ಬಡೀಲಿಕತ್ತಾನ. ನನಗ ಕೇಳಿಸ್ಲಿಕತ್ತದ."

ಕರಡಕಲ್ ಅವರ ಬಲಗೈ ಮಣಿಕಟ್ಟಿನ ಕೆಳಗೆ ಉಳಿಯಲಿಲ್ಲ. ಜೀವ ಉಳಿಯಿತು. ಗಣಿಯ ಆಸ್ಪತ್ರೆಯಲ್ಲಿ ಎಚ್ಚರವಾಗಿ ಮಾತಾಡುವಷ್ಟಾದಾಗ, ಅಪಘಾತದ ಹೇಳಿಕೆ ಬರೆದುಕೊಳ್ಳಲು ಹವಾಲ್ದಾರ ಶಿವಶರಣಪ್ಪ ಬಂದು ಮಂಚದ ಪಕ್ಕ ಕೂತ. ನೀಲಗಂಗಾ ಕಾಲ ದೆಸೆಯಲ್ಲಿ ನಿಂತಿದ್ದಳು. ಶಂಕ್ರಮ್ಮ ಬಾಗಿಲಲ್ಲಿದ್ದಳು.

"ಪುಣ್ಯವಂತರಿದ್ದೀರಿ ಸಾಹೇಬ್ರ," ಅಂದ ಹವಾಲ್ದಾರ. "ಮೇಡಂರ ಜಿರಲಿಗೆ ನೀವು ಬಡದದ್ದು ಕೇಳಿಸ್ತಂತ. ಇಲ್ಲಾಂದ್ರ ನಿಮ್ಮನ್ನ ಯಾರೂ ತೆಗೀತಿರಲಿಲ್ಲ."

ಕರಡಕಲ್ ಔಷಧಿಯ ಮಂಪರಿನಲ್ಲೇ ತಲೆ ಎತ್ತಿದರು. "ಹೆಂಗ ಕೇಳಿಸ್ತದ? ಅದು ಬಂದ್ ಆಗಿತ್ತು."

"ಯಾವುದ್ರೀ?"

"ಆ ಲೆವೆಲ್ಲಿನ ಕಿವಿ. ಮುಂಜಾನೇನ ಬಂದ್ ಆಗಿತ್ತಲ್ಲ..." ಅಲ್ಲಿಗೆ ಅವರ ಮಾತು ನಿಂತಿತು.

ಹವಾಲ್ದಾರ ಬರೆಯುತ್ತಿದ್ದ ಪೆನ್ನನ್ನು ಎತ್ತಿ ಹಿಡಿದ. ಅವನಿಗೆ ಜಿರಲೆಯ ವಿದ್ಯೆ ಗೊತ್ತಿರಲಿಲ್ಲ. ಆದರೆ ಪರದೆ ನೋಡುತ್ತಿದ್ದ ನಬೀಸಾಬನಿಗೂ ತಿಳಿಯದ್ದನ್ನು, ಬಂಡೆಯ ಕೆಳಗಿದ್ದ ಮನುಷ್ಯನಿಗೆ ಹೇಳಿದವರು ಯಾರು ಎಂಬ ಪ್ರಶ್ನೆ ಅವನಿಗೂ ಹೊಳೆಯಿತು.

"ಬಂದ್ ಆಗಿತ್ತು ಅಂತ ನಿಮಗ ಯಾರ ಹೇಳಿದ್ರು ಸಾಹೇಬ್ರ?"

ನೀಲಗಂಗಾ ಮಂಚದ ಹತ್ತಿರ ಬಂದಳು. ಅವಳ ದನಿ ಪಾಠ ಹೇಳುವವಳ ದನಿಯಂತಿತ್ತು.

"ನೀವು ಬಂದ್ ಮಾಡಿದ್ದು ಒಂದು. ಪಕ್ಕದಾಗ ಇನ್ನೊಂದಿತ್ತು. ಅದಕ್ಕ ನಿಮ್ಮ ಔಷಧಿ ಹತ್ತಂಗಿಲ್ಲ. ನೀವು ಬಡೀದ ಒಳಗ ಹೋಗಿದ್ದೂ ಕೇಳಿಸ್ತು. ಬಂಡೆ ಜಗ್ಗಿದ್ದೂ ಕೇಳಿಸ್ತು. ಆಮ್ಯಾಲ ನೀವು ಬಡದದ್ದು, ಮೊದಲನೇ ಏಟಿನಿಂದ ಕೇಳಿಸ್ತು."

"ಮೊದಲನೇ..." ಕರಡಕಲ್ ದಿಂಬಿನಿಂದ ಮೇಲೇಳಲು ನೋಡಿದರು. "ಸಂಜೀತನಕ ನೀ ಕುಂತು..."

"ಕುಂತು ಕೇಳಿದೆ."

"ಮೇಡಂ," ಹವಾಲ್ದಾರ ತಡವರಿಸಿದ, "ಹಂಗೆಲ್ಲ ಹೇಳಬ್ಯಾಡ್ರೀ. ಗೊತ್ತಿದ್ದೂ ಸುಮ್ನ ಕುಂತ್ರ ಕೊಲೆ ಯತ್ನ ಆಗ್ತದ. ಸಾಹೇಬ್ರು ದೂರು ಕೊಟ್ರಂದ್ರ ನಿಮ್ಮನ್ನ ಈಗಿಂದೀಗ ಒಯ್ಯಬೇಕಾಗ್ತದ."

"ಕೊಡ್ಲಿ."

ಕರಡಕಲ್ ಅವಳನ್ನೇ ನೋಡುತ್ತಿದ್ದರು. ದೂರು ಕೊಡಬೇಕಾದರೆ ಕೇಳಿಸಿಕೊಂಡ ಕಿವಿಯ ಮಾತು ಬರುತ್ತದೆ. ಕೇಳಿಸಿಕೊಂಡ ಕಿವಿಯ ಮಾತು ಬಂದರೆ ಕೇಳಿಸಿಕೊಳ್ಳದ ಕಿವಿಯ ಮಾತೂ ಬರುತ್ತದೆ. ಅದು ಯಾಕೆ ಕಿವುಡಾಯಿತು, ಬಡಿಯದೆ ಯಾಕೆ ಒಳಗೆ ಹೋದಿರಿ ಎಂದು ವಕೀಲರು ಪ್ರಮಾಣ ಮಾಡಿಸಿ ಕೇಳುತ್ತಾರೆ. ಹಿಂದಿನ ಮೂರು ಸಾವುಗಳೂ ಎದ್ದು ಬರುತ್ತವೆ. ಅವರು ನಿಧಾನಕ್ಕೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು.

"ನಂದೇನೂ ದೂರಿಲ್ಲ," ಅಂದರು.

"ನಂದು ಅದ,"‌ ಎಂದು ನೀಲಗಂಗಾ ಕುರ್ಚಿ ಎಳೆದುಕೊಂಡು ಹವಾಲ್ದಾರನ ಎದುರಿಗೆ ಕೂತಳು. "ಬರ್ಕೋರಿ. ಆರೋಪಿ ನಾನು. ಏನೇನು ಮಾಡಿದೆ, ಯಾಕ ಮಾಡಿದೆ, ಎಲ್ಲಾ ಹೇಳ್ತೀನಿ, ಒಂದೂ ಬಿಡಬ್ಯಾಡ್ರಿ. ಮೊದಲನೇ ಸಾಕ್ಷಿ ಅಂತ ಇವರ ಹೆಸರು ಹಾಕ್ರಿ. ಶಶಿಧರ ಕರಡಕಲ್."